ಟಿಕೇಟು ಉಚಿತ, ಬಸ್ಸು ಎಲ್ಲಿ?

ಸಂಜೆಯ ಹೊತ್ತು ಉಡುಪಿಯ ಸುತ್ತಲಿನ ಯಾವುದಾದರೊಂದು ಗೇರುಬೀಜ ಕಾರ್ಖಾನೆಯ ಬಾಗಿಲಲ್ಲಿ ನಿಂತು ನೋಡಿ. ದಿನವಿಡೀ ಬೀಜ ಒಡೆದು ಬೆರಳು ಕಪ್ಪಾದ ಹೆಂಗಸರು ಗುಂಪುಗುಂಪಾಗಿ ಹೊರಬಂದು ರಸ್ತೆಯ ಅಂಚಿನಲ್ಲಿ ನಿಲ್ಲುತ್ತಾರೆ. ಅವರ ಚೀಲದಲ್ಲಿ ಆಧಾರ್ ಕಾರ್ಡು ಇದೆ. ಆ ಕಾರ್ಡು ತೋರಿಸಿದರೆ ಬೀದರಿನಿಂದ ಚಾಮರಾಜನಗರದವರೆಗೆ ಬಿಡಿಗಾಸಿಲ್ಲದೆ ಪ್ರಯಾಣ ಮಾಡಬಹುದೆಂದು ಸರ್ಕಾರ ಸಾರಿದೆ. ಅಷ್ಟರಲ್ಲಿ ಬಸ್ಸು ಬರುತ್ತದೆ. ಅದು ಖಾಸಗಿ ಬಸ್ಸು. ಕಾರ್ಡು ಚೀಲದಲ್ಲೇ ಉಳಿಯುತ್ತದೆ; ಸೆರಗಿನ ಗಂಟಿನಿಂದ ದುಡ್ಡು ಹೊರಬರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯನ್ನು ನಾವು ಹಳಿಯುವವರಲ್ಲ. ಹೆಂಗಸರಿಗೆ ಪುಕ್ಕಟೆ ಕೊಟ್ಟು ಕೆಡಿಸುತ್ತಿದ್ದಾರೆಂದು ಮೂಗು ಮುರಿಯುವ ಮಹನೀಯರ ಜೊತೆಗೂ ನಾವಿಲ್ಲ. 2025ರ ಜುಲೈ ತಿಂಗಳ ಹೊತ್ತಿಗೆ ಈ ಯೋಜನೆಯಲ್ಲಿ 500 ಕೋಟಿ ಪ್ರಯಾಣಗಳಾಗಿದ್ದವು. ಕೂಲಿಯಲ್ಲಿ ಕಡಿತವಾಗುತ್ತಿದ್ದ ದಾರಿಖರ್ಚು ಕೂಲಿಯಾಗಿಯೇ ಮನೆ ಸೇರುವುದೆಂದರೆ ಅದು ಭಿಕ್ಷೆಯಲ್ಲ, ಹಕ್ಕು. ನಮ್ಮ ತಕರಾರು ಇಷ್ಟೇ: ಈ ಹಕ್ಕು ನಾಲ್ಕು ಸರ್ಕಾರಿ ನಿಗಮಗಳ ಬಸ್ಸಿನೊಳಗೆ ಮಾತ್ರ ಜೀವಂತವಾಗಿದೆ. ಸರ್ಕಾರಿ ಬಸ್ಸೇ ಅಪರೂಪವಾದ ಊರಿನಲ್ಲಿ ಅದು ಬರೀ ಕಾಗದದ ಹಕ್ಕು.

ಲೆಕ್ಕ ಹಾಕೋಣ. ಒಂದು ಸಲಕ್ಕೆ 20 ರೂಪಾಯಿ ಎಂದಿಟ್ಟುಕೊಳ್ಳಿ. ಹೋಗಿಬರಲು ದಿನಕ್ಕೆ 40. ತಿಂಗಳಲ್ಲಿ 26 ದಿನದ ಕೆಲಸಕ್ಕೆ 1,040. ವರ್ಷಕ್ಕೆ 12,480 ರೂಪಾಯಿ. ಅನೇಕ ಹೆಂಗಸರಿಗೆ ಇದು ಹೆಚ್ಚುಕಡಿಮೆ ಒಂದು ತಿಂಗಳ ದುಡಿಮೆ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗೆ ಸರ್ಕಾರಿ ಬಸ್ಸಿನಲ್ಲಿ ಹೋಗುವ ಹೆಣ್ಣುಮಗಳಿಗೆ ಉಳಿಯುವ ಈ ಹಣ ಉಡುಪಿಯ ಹೆಣ್ಣುಮಗಳಿಗೆ ಉಳಿಯುವುದಿಲ್ಲ. ಇಬ್ಬರೂ ಒಂದೇ ರಾಜ್ಯದ ಪ್ರಜೆಗಳು. ಇಬ್ಬರೂ ಉಪ್ಪಿನಿಂದ ಸೋಪಿನವರೆಗೆ ಕೊಂಡದ್ದಕ್ಕೆಲ್ಲ ತೆರಿಗೆ ತೆತ್ತವರು.

ಈ ಭೇದ ಹೇಗೆ ಬಂತು? ಇದರ ಬೇರು ಹಳೆಯದು. ನಿಜಾಮರ ರಾಜ್ಯದಲ್ಲಿ 1932ರಲ್ಲೇ ಸರ್ಕಾರಿ ಬಸ್ಸು ಓಡಿತು. ಮೈಸೂರು ಸರ್ಕಾರ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ತೆರೆಯಿತು. ಮುಂಬಯಿ ಸರ್ಕಾರವೂ ಅದೇ ವರ್ಷ ಬಸ್ಸು ಬಿಟ್ಟಿತು. ಆದರೆ ಮದ್ರಾಸು ಆಡಳಿತದಲ್ಲಿದ್ದ ನಮ್ಮ ಕರಾವಳಿಯಲ್ಲಿ ಬಸ್ಸು ಖಾಸಗಿ ಕಂಪೆನಿಗಳ ಕೈಯಲ್ಲೇ ಬೆಳೆಯಿತು. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ 1914ರಷ್ಟು ಹಿಂದಿನದು. 1956ರಲ್ಲಿ ರಾಜ್ಯ ಒಂದಾದಾಗ ಕಲಬುರಗಿ, ಧಾರವಾಡಗಳು ಸರ್ಕಾರಿ ಬಸ್ಸಿನೊಂದಿಗೆ ಬಂದವು. ನಾವು ಖಾಸಗಿ ಬಸ್ಸಿನೊಂದಿಗೆ ಬಂದೆವು. ಹೊಳೆ ದಾಟಿ, ಘಟ್ಟ ಹತ್ತಿ, ಸರ್ಕಾರ ಕಣ್ಣೆತ್ತಿ ನೋಡದ ಹಳ್ಳಿಗೂ ಆ ಬಸ್ಸುಗಳು ಹೋದದ್ದು ನಿಜ. ಆ ಉಪಕಾರವನ್ನು ನಾವು ಮರೆತಿಲ್ಲ. ಆದರೆ ಹಿಂದೆ ಮಾಡಿದ ಉಪಕಾರ ಮುಂದಿನ ಕಾಲಕ್ಕೆಲ್ಲ ದಾರಿಯ ಒಡೆತನದ ಪತ್ರವಾಗಲಾರದು.

ರಹದಾರಿ ಯಾರ ಸ್ವತ್ತು? ರಸ್ತೆ ಜನರದು. ರಹದಾರಿ ಕೊಡುವುದು ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ದರ ಗೊತ್ತುಮಾಡುವುದು ಸರ್ಕಾರ. ಹೀಗಿದ್ದೂ ಯಾವ ದಾರಿಗೆ ಎಷ್ಟು ಹೊತ್ತಿಗೆ ಬಸ್ಸು ಬೇಕೆಂದು ದಿನವೂ ಅದರಲ್ಲಿ ನೇತಾಡುವವರನ್ನು ಕೇಳುವವರಿಲ್ಲ. ಬನ್ನಂಜೆಯಲ್ಲಿ ದೊಡ್ಡ ಸರ್ಕಾರಿ ಬಸ್ ನಿಲ್ದಾಣ ಎದ್ದು ನಿಂತಿದೆ. ಜನರು ನರ್ಮ್ ಬಸ್ಸೆಂದು ಕರೆಯುವ ಸರ್ಕಾರಿ ನಗರ ಬಸ್ಸುಗಳನ್ನು ಮಾತ್ರ ಕಾದು ಕಾದು ಹಿಡಿಯಬೇಕು. ಕಟ್ಟಡಕ್ಕೆ ಗಾಲಿ ಇಲ್ಲ. ಮಲ್ಪೆಯ ಮೀನುಗಾರ ಹೆಂಗಸನ್ನು, ಮಣಿಪಾಲದ ಆಸ್ಪತ್ರೆಯಲ್ಲಿ ನೆಲ ಒರೆಸುವ ತಾಯಿಯನ್ನು ಅದು ಹೊತ್ತು ತರಲಾರದು.

ದಿಲ್ಲಿಯವರ ಕಣ್ಣಿಗೂ ಸಣ್ಣ ಊರು ಕಾಣುವುದಿಲ್ಲ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ನಗರಗಳಿಗೆಂದು 10,000 ವಿದ್ಯುತ್ ಬಸ್ಸುಗಳ ಯೋಜನೆ ಒಪ್ಪಿತು. ಕೆಲವು ಸಣ್ಣ ರಾಜ್ಯಗಳ ರಾಜಧಾನಿಗಳನ್ನು ಬಿಟ್ಟರೆ, 3 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೇ ಅದು ಮೀಸಲು. 2011ರ ಗಣತಿಯಲ್ಲಿ ಉಡುಪಿ ನಗರ 2 ಲಕ್ಷವನ್ನೂ ಮುಟ್ಟಿರಲಿಲ್ಲ. ಊರು ಸಣ್ಣದಾದರೆ ಅಲ್ಲಿಯ ಬಡವರ ಕಾಲು ಸವೆಯುವುದಿಲ್ಲವೇ?

ವ್ಯಾಪಾರಿ ಮಿತ್ರರು ಇದು ಕೂಲಿಯವರ ಪಾಡೆಂದು ಸುಮ್ಮನಿರಬಾರದು. ರಾತ್ರಿಯ ಕೊನೆಯ ಬಸ್ಸು ತಪ್ಪೀತೆಂದು ನಿಮ್ಮ ಅಂಗಡಿಯ ಹುಡುಗಿ ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ಓಡಬೇಕಾಗುತ್ತದೆ. ಹಳ್ಳಿಯ ಗಿರಾಕಿಯೂ ಅದೇ ಬಸ್ಸಿಗೆ ಹೆದರಿ ಬೇಗ ಪೇಟೆ ಬಿಡುತ್ತಾನೆ. ಬಸ್ಸಿಲ್ಲದವನು ಸಾಲಮಾಡಿ ದ್ವಿಚಕ್ರ ವಾಹನ ಕೊಳ್ಳುತ್ತಾನೆ. ಆ ಸಾಲದ ಕಂತು, ಪೆಟ್ರೋಲಿನ ಬೆಲೆ ಕಳೆದ ಮೇಲೆ ನಿಮ್ಮ ಅಂಗಡಿಯಲ್ಲಿ ಖರ್ಚುಮಾಡಲು ಅವನಲ್ಲಿ ಏನು ಉಳಿದೀತು?

ಇನ್ನು ಖಾಸಗಿ ಬಸ್ಸಿನ ಚಾಲಕ, ನಿರ್ವಾಹಕರ ಮಾತು. ಅವರೂ ನಮ್ಮವರೇ. ಮುಂದಿನ ಬಸ್ಸಿಗೂ ಹಿಂದಿನ ಬಸ್ಸಿಗೂ ಕೆಲವೇ ನಿಮಿಷದ ಅಂತರವಿರುವಾಗ ಕಲೆಕ್ಷನ್ ತಪ್ಪದಿರಲೆಂದು ಅವರು ಜೀವ ಕೈಯಲ್ಲಿ ಹಿಡಿದು ಓಡಿಸುತ್ತಾರೆ. ಸರ್ಕಾರಿ ಬಸ್ಸು ಬಂದರೆ ಇವರ ಅನ್ನ ಹೋಗುತ್ತದೆಂದು ಮಾಲೀಕರು ಹೇಳುತ್ತಾರೆ. ಕಾರ್ಮಿಕನನ್ನು ಗುರಾಣಿಯಾಗಿ ಹಿಡಿಯುವುದು ಹಳೆಯ ಉಪಾಯ. ಆದರೂ ಆ ಭಯಕ್ಕೆ ಉತ್ತರ ಕೊಡಲೇಬೇಕು; ಹೊಸ ಸರ್ಕಾರಿ ಬಸ್ಸುಗಳಿಗೆ ಅನುಭವಿಗಳಾದ ಇವರನ್ನೇ ಮೊದಲು ತೆಗೆದುಕೊಳ್ಳುವುದೇ ಆ ಉತ್ತರ.

ದುಡಿಯುವವರು ತಾವೇ ಬಸ್ಸು ನಡೆಸಬಲ್ಲರೆಂಬುದಕ್ಕೆ ಘಟ್ಟದ ಮೇಲಿನ ಕೊಪ್ಪ ಸಾಕ್ಷಿ. ಕಂಪೆನಿ ಮುಚ್ಚಿ ಬೀದಿಗೆ ಬಿದ್ದ ಕಾರ್ಮಿಕರು 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ಸುಮಾರು ಮೂರು ದಶಕ ಮಲೆನಾಡಿನ ಹಳ್ಳಿಗಳನ್ನು ಬೆಸೆಯಿತು. ಡೀಸೆಲ್, ತೆರಿಗೆ, ವಿಮೆಗಳ ಭಾರ ತಾಳಲಾರದೆ 2020ರಲ್ಲಿ ಅದು ನಿಂತುಹೋಯಿತು. ಕಾರ್ಮಿಕರ ಸಾಮರ್ಥ್ಯ ಸೋತದ್ದಲ್ಲ. ಬೆನ್ನಿಗೆ ಸರ್ಕಾರ ನಿಲ್ಲದ ಸಾಹಸ ಸೋತದ್ದು. ಬಸ್ಸು ಲಾಭದ ಅಂಗಡಿಯಲ್ಲ. ಕುಡಿಯುವ ನೀರಿನ ನಲ್ಲಿಯಂತೆ ಊರಿನ ಅಗತ್ಯ ಎಂಬ ಪಾಠ ಅದರಲ್ಲಿದೆ.

ಆದಕಾರಣ ನಮ್ಮ ಬೇಡಿಕೆ ಸ್ಪಷ್ಟ. ಒಂದನೆಯದಾಗಿ, ಕಾರ್ಖಾನೆ ಬಿಡುವ ಹೊತ್ತಿಗೆ, ಅಂಗಡಿ ಮುಚ್ಚುವ ಹೊತ್ತಿಗೆ ಮಲ್ಪೆ, ಮಣಿಪಾಲ, ಸಂತೆಕಟ್ಟೆ, ಹಿರಿಯಡ್ಕ, ಕಟಪಾಡಿ ದಾರಿಗಳಲ್ಲಿ ಸಾಕಷ್ಟು ಸರ್ಕಾರಿ ಬಸ್ಸು ಓಡಬೇಕು. ಎರಡನೆಯದಾಗಿ, ಅಲ್ಲಿಯವರೆಗೆ ಖಾಸಗಿ ಬಸ್ಸಿನಲ್ಲೂ ದುಡಿಯುವ ಹೆಂಗಸರಿಗೆ ಶಕ್ತಿ ಸಲ್ಲಬೇಕು. ಯಂತ್ರದ ಟಿಕೇಟಿನ ಲೆಕ್ಕದ ಮೇಲೆ ಸರ್ಕಾರ ಹಣ ತುಂಬಿಕೊಡಲಿ. ನೌಕರರಿಗೆ ನೇಮಕಪತ್ರ, ಭವಿಷ್ಯನಿಧಿ ಕೊಟ್ಟ ಮಾಲೀಕರಿಗೆ ಮಾತ್ರ ಕೊಡಲಿ. ಮೂರನೆಯದಾಗಿ, ಪ್ರಾಧಿಕಾರ ರಹದಾರಿ ತೀರ್ಮಾನಿಸುವ ಮೊದಲು ಪ್ರಯಾಣಿಕರ ಮತ್ತು ಕಾರ್ಮಿಕರ ಪ್ರತಿನಿಧಿಗಳ ಮಾತು ಕೇಳಬೇಕು.

ಇದನ್ನು ಯಾರೂ ತಟ್ಟೆಯಲ್ಲಿಟ್ಟು ತಂದುಕೊಡುವುದಿಲ್ಲ. ಪ್ರತಿ ಕಾರ್ಖಾನೆಯ ಬಾಗಿಲಲ್ಲಿ, ಪ್ರತಿ ಪೇಟೆಬೀದಿಯಲ್ಲಿ ಸಹಿ ಸಂಗ್ರಹವಾಗಲಿ. ಯಾವ ಹೊತ್ತಿಗೆ ಯಾವ ದಾರಿಯಲ್ಲಿ ಎಷ್ಟು ಜನ ಕಾಯುತ್ತಾರೆಂದು ನೀವೇ ಎಣಿಸಿ ಬರೆದಿಡಿ. ಆ ಕಾಗದವನ್ನು ಕೈಯಲ್ಲಿ ಹಿಡಿದು, ಕಾರ್ಮಿಕರೂ ವ್ಯಾಪಾರಿಗಳೂ ಒಟ್ಟಾಗಿ ಜಿಲ್ಲಾಧಿಕಾರಿಗಳ ಕಚೇರಿಯ ಮೆಟ್ಟಿಲು ಹತ್ತೋಣ. ರಸ್ತೆಯ ಅಂಚಿನಲ್ಲಿ ನಾವು ಕಾದದ್ದು ಸಾಕು. ಇನ್ನು ಉತ್ತರಕ್ಕಾಗಿ ಸರ್ಕಾರವನ್ನು ನಿಲ್ಲಿಸಿ ಕೇಳೋಣ.