ಕೀಪರನನ್ನು ಕೊಳ್ಳುವ ಹೊತ್ತು

ಐಪಿಎಲ್ ಬಂತೆಂದರೆ ಹೊಸೂರಿನ ತರುಣರಲ್ಲಿ ಎರಡು ಪಕ್ಷ. ಆಡಳಿತಕ್ಕೆ ಇದು ತಮಿಳುನಾಡು. ಆದರೆ ಚಿನ್ನಸ್ವಾಮಿ ಕ್ರೀಡಾಂಗಣ ಸುಮಾರು 40 ಕಿಲೋಮೀಟರ್ ದೂರದಲ್ಲಿದ್ದರೆ ಚೆಪಾಕ್ ಸುಮಾರು 300 ಕಿಲೋಮೀಟರ್ ಆಚೆಗಿದೆ. ಹಾಗಾಗಿ ಒಂದೇ ಬೆಂಚಿನಲ್ಲಿ ಬೆಂಗಳೂರಿನವರೂ ಚೆನ್ನೈನವರೂ ಕೂರುತ್ತಾರೆ. ಗೆಳೆಯರು ಕಾಗದದ ಮೇಲೆ ಹರಾಜು ನಡೆಸಿ ತಂತಮ್ಮ ತಂಡ ಕಟ್ಟುವಾಗ ಇವರೆಲ್ಲರನ್ನೂ ಕಾಡುವ ಪ್ರಶ್ನೆ ಒಂದೇ: ವಿಕೆಟ್ ಕೀಪರನನ್ನು ಮೊದಲೇ ಕೊಳ್ಳಬೇಕೆ, ಕಾಯಬೇಕೆ?

ಸ್ಥಾನ ಒಂದೇ, ಅದಿಲ್ಲದೆ ತಂಡವಿಲ್ಲ. ಆದ್ದರಿಂದ ಮೊದಲೇ ಕೊಳ್ಳಬೇಕೆಂಬುದು ರೂಢಿಯ ಮಾತು. 2008ರ ಮೊದಲ ಹರಾಜಿನಲ್ಲಿ ಈ ಮಾತು ಸರಿಯಾಗಿತ್ತು. ಅಂದು ಚೆನ್ನೈ ತಂಡ ಮಹೇಂದ್ರ ಸಿಂಗ್ ಧೋನಿಗೆ 15 ಲಕ್ಷ ಡಾಲರ್ ಕೊಟ್ಟಿತು. ಅದೇ ಆ ಹರಾಜಿನ ಗರಿಷ್ಠ ಬೆಲೆ. ಕೀಪಿಂಗ್, ಬಿರುಸಿನ ಬ್ಯಾಟಿಂಗ್, ನಾಯಕತ್ವ ಮೂರೂ ಒಬ್ಬನಲ್ಲೇ ಕೂಡಿದ ಭಾರತೀಯ ಆಟಗಾರ ಅಂದು ಮತ್ತೊಬ್ಬನಿರಲಿಲ್ಲ.

2024ರ ನವೆಂಬರಿನ ಜೆದ್ದಾ ಹರಾಜಿನ ಹೊತ್ತಿಗೆ ಕಾಲ ಬದಲಾಗಿತ್ತು. ಬ್ಯಾಟ್ ಬೀಸಬಲ್ಲ ಕೀಪರರು ಅನೇಕರಿದ್ದರು. ಆದರೂ ಲಖನೌ ತಂಡ ಆರಂಭದಲ್ಲೇ ರಿಷಭ್ ಪಂತ್‌ಗೆ 27 ಕೋಟಿ ರೂಪಾಯಿ ತೆತ್ತಿತು. ತಂಡವೊಂದರ ಒಟ್ಟು ಮಿತಿಯೇ 120 ಕೋಟಿ. ಬೆಂಗಳೂರು ತಂಡ ಕಾದು, ಕೀಪರರ ಸರದಿ ಬಂದಾಗ ಫಿಲ್ ಸಾಲ್ಟ್‌ರನ್ನು 11.50 ಕೋಟಿಗೂ ಜಿತೇಶ್ ಶರ್ಮಾರನ್ನು 11 ಕೋಟಿಗೂ ಕೊಂಡಿತು. 2025ರ ಋತುವಿನಲ್ಲಿ ಪಂತ್ ಗಳಿಸಿದ್ದು 269 ರನ್, ಜಿತೇಶ್ 261, ಸಾಲ್ಟ್ 403. ಮೇ 27ರಂದು ಲಖನೌದಲ್ಲಿ ಪಂತ್ ಅಜೇಯ 118 ಹೊಡೆದರೂ ಜಿತೇಶ್ 33 ಎಸೆತಗಳಲ್ಲಿ ಅಜೇಯ 85 ಗಳಿಸಿ ಪಂದ್ಯವನ್ನು ಬೆಂಗಳೂರಿಗೆ ಗೆದ್ದುಕೊಟ್ಟರು. ಜೂನ್ 3ರಂದು ಕಪ್ಪೂ ಬಂತು.

ಫಲ ಕಂಡ ಮೇಲೆ ಬುದ್ಧಿ ಹೇಳುವುದು ಸುಲಭ ಎಂಬ ಆಕ್ಷೇಪ ನ್ಯಾಯವಾದದ್ದೇ. ಪಂತ್‌ರ ರನ್ ಬರ ಯಾರಿಗೂ ಮುಂಚೆ ತಿಳಿದಿರಲಿಲ್ಲ. ಲಖನೌ ನಾಯಕನನ್ನೂ ಅರಸುತ್ತಿತ್ತು. ಆದರೆ ಪಂತ್‌ರ ಹಿಂದೆ ಇನ್ನೆಷ್ಟು ಕೀಪರರು ಸರದಿಯಲ್ಲಿದ್ದಾರೆಂಬುದು ಹರಾಜಿನ ಪಟ್ಟಿಯಲ್ಲೇ ಇತ್ತು. ಅದನ್ನು ಎಣಿಸಲು ಭವಿಷ್ಯಜ್ಞಾನ ಬೇಕಿರಲಿಲ್ಲ.

ಆದ್ದರಿಂದ ಆಟಗಾರನ ಬೆಲೆ ಅವನ ಕೀರ್ತಿಯಲ್ಲಿಲ್ಲ. ಅವನಿಗೂ ಅವನ ನಂತರ ಸಿಗುವವನಿಗೂ ಇರುವ ಅಂತರದಲ್ಲಿದೆ. ಅಂತರ ದೊಡ್ಡದಾದರೆ ಮೊದಲೇ ಕೊಳ್ಳಬೇಕು. ಕಿರಿದಾದರೆ ಕಾದು, ಉಳಿದ ಹಣವನ್ನು ಬದಲಿಯಿಲ್ಲದ ಬೌಲರನಿಗೆ ಮೀಸಲಿಡಬೇಕು. ಹಾಗೆಂದು ಒಬ್ಬನೇ ಉಳಿಯುವವರೆಗೆ ಕಾಯುವುದೂ ಜಾಣತನವಲ್ಲ. ಆಗ ಬೆಲೆ ಕಟ್ಟುವವನು ಎದುರಾಳಿ.

ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ನಿಷೇಧಿಸಿತು. ಅದು ಒಳ್ಳೆಯದೇ. ಈಗ ಉಳಿದಿರುವುದು ಕಾಗದ, ಪೆನ್ಸಿಲ್ ಮತ್ತು ವಿವೇಚನೆಯ ಆಟ. ಕೈ ಎತ್ತಿ ಬೆಲೆ ಕೂಗುವ ಮುನ್ನ ಪಟ್ಟಿಯನ್ನು ಕೊನೆಯವರೆಗೆ ಓದುವ ಅಭ್ಯಾಸವೊಂದು ವಿದ್ಯಾರ್ಥಿಗೆ ಇದರಿಂದ ದಕ್ಕಿದರೆ, ಆ ಬಿಡುವಿನ ಹೊತ್ತು ವ್ಯರ್ಥವಾಯಿತೆನ್ನಲಾಗದು.