ಕೈಗುಣವೋ, ಪಾಕಗುಣವೋ?

ಹಬ್ಬದ ದಿನ ಭಕ್ಷ್ಯವೊಂದು ಕೆಟ್ಟರೆ ನಮ್ಮ ಮನೆಗಳಲ್ಲಿ ಕೇಳಿಬರುವ ತೀರ್ಪು ಒಂದೇ: “ಕೈಗುಣ ಸಾಲದು.” ಆಡುವವರಿಗೆ ಇದು ಸುಲಭವಾದ ಮಾತು, ಕೇಳಿಸಿಕೊಳ್ಳುವವರಿಗೆ ಬಹಳ ಕಠಿನ. ಈ ತೀರ್ಪಿನಲ್ಲಿ ವಿಚಾರವೂ ಕಡಿಮೆ, ನ್ಯಾಯವೂ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಸಾಕ್ಷಿಯಾಗಿ ದೀಪಾವಳಿಯ ಕಜ್ಜಾಯವನ್ನೇ ಕರೆಯುತ್ತೇನೆ.

ಕಜ್ಜಾಯಕ್ಕೆ ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಅಕ್ಕಿ, ಬೆಲ್ಲ, ಒಂದಿಷ್ಟು ಗಸಗಸೆ, ಏಲಕ್ಕಿ, ಕರಿಯಲು ಎಣ್ಣೆ, ಇಷ್ಟೇ. ಆದರೂ ಇದರಷ್ಟು ಹಟಮಾರಿಯಾದ ಭಕ್ಷ್ಯ ಮತ್ತೊಂದಿರಲಾರದು. ಪಾಕ ಎಳೆಯದಾದರೆ ಎಣ್ಣೆಯಲ್ಲಿ ಕದಡಿಹೋಗುತ್ತದೆ, ಬಲಿತುಹೋದರೆ ಕಲ್ಲಾಗುತ್ತದೆ. ಇವೆರಡರ ನಡುವಣ ದಾರಿ ಬಹಳ ಕಿರಿದು.

ಕಳೆದ ದೀಪಾವಳಿಯಲ್ಲಿ ನಮ್ಮ ಅತ್ತಿಗೆಯವರು ಈ ದಾರಿಯಲ್ಲಿ ಹೆಜ್ಜೆಯಿಟ್ಟರು. ಮನೆಗೆ ಬಂದ ಮೊದಲನೆಯ ವರ್ಷ. ಮೊಬೈಲಿನಲ್ಲಿ ವಿಧಾನವನ್ನು ನೋಡಿಕೊಂಡು, ಅಂಗಡಿಯಿಂದ ಪೊಟ್ಟಣದ ಅಕ್ಕಿಹಿಟ್ಟನ್ನು ತರಿಸಿ, ಅಳತೆ ತಪ್ಪದಂತೆ ಪಾಕಕ್ಕೆ ಬೆರೆಸಿದರು. ಮರುದಿನ ನೋಡಿದರೆ ಹಿಟ್ಟು ಒಣಗಿ ಪುಡಿಪುಡಿಯಾಗಿತ್ತು. ಹದಕ್ಕೆ ಬರಲೆಂದು ನೀರು ಚಿಮುಕಿಸಿದರು. ಬಾಣಲೆಗೆ ಬಿದ್ದ ಮೊದಲನೆಯ ಕಜ್ಜಾಯ ಅರಳಿತು, ಬಿರಿಯಿತು, ಕಡೆಗೆ ಎಣ್ಣೆಯ ತುಂಬ ಕಪ್ಪು ಮಡ್ಡಿಯಾಗಿ ಹರಡಿತು. ಹಬ್ಬಕ್ಕೆ ಬಂದಿದ್ದ ಹಿರಿಯ ಬಂಧುವೊಬ್ಬರು, “ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ತವರಿನಲ್ಲಿ ಏನು ಕಲಿಸಿದರಮ್ಮ?” ಎಂದರು. ಅತ್ತಿಗೆಯವರು ಉತ್ತರ ಕೊಡಲಿಲ್ಲ. ಅಂದು ಊಟಕ್ಕೂ ಎಲ್ಲರೊಡನೆ ಕೂರಲಿಲ್ಲ.

ಆದರೆ ಅಂದು ನೆಲವೇ ಡೊಂಕಾಗಿತ್ತು! ಕಜ್ಜಾಯದ ಅಕ್ಕಿಯನ್ನು ನೆನೆಹಾಕಿ, ನೀರು ಬಸಿದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರವಿ, ಇನ್ನೂ ಪಸೆಯಿರುವಾಗಲೇ ಕುಟ್ಟಿ ಜರಡಿ ಹಿಡಿಯುವುದು ವಾಡಿಕೆ. ಪಾಕದ ಅಳತೆಯೆಲ್ಲ ಆ ಪಸೆಯ ಹಿಟ್ಟಿಗೆ ಹೊಂದಿಕೊಂಡದ್ದು. ಪೊಟ್ಟಣದ ಒಣಹಿಟ್ಟು ಪಾಕದ ತೇವವನ್ನೇ ಹೀರಿಬಿಡುತ್ತದೆ. ಮೇಲೆ ನೀರು ಹಾಕಿದರೆ ಪಾಕ ಸಡಿಲವಾಗಿ ಹಿಟ್ಟನ್ನು ಹಿಡಿದಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಎಂಟು ದಿನ ಬಿಟ್ಟು ನಮ್ಮಜ್ಜಿ ಅಕ್ಕಿ ನೆನೆಸಿಕೊಟ್ಟರು; ಅತ್ತಿಗೆಯವರೇ ಪಾಕವಿಟ್ಟು ಕಜ್ಜಾಯ ತಟ್ಟಿ ಕರಿದರು. ಒಂದೂ ಒಡೆಯಲಿಲ್ಲ. ಕೈ ಅದೇ, ಹಿಟ್ಟು ಬೇರೆ. ಹಾಗಾದರೆ ಕೈಗುಣವೆಂಬುದು ಎಲ್ಲಿ ಉಳಿಯಿತು?

ಅಜ್ಜಿಯರ ಪಾಕಪರೀಕ್ಷೆಯನ್ನೂ ಗಮನಿಸಬೇಕು. ತಟ್ಟೆಯ ನೀರಿನಲ್ಲಿ ಒಂದು ತೊಟ್ಟು ಪಾಕವನ್ನು ಬಿಟ್ಟು ಬೆರಳಿನಿಂದ ಕೂಡಿಸಿದರೆ ಮೆತ್ತನೆಯ ಉಂಡೆಯಾಗಬೇಕು. ಸಕ್ಕರೆಯ ಪಾಕ ಈ ಹದಕ್ಕೆ ಬಂದಾಗ ನೂರು ಪಾಲಿನಲ್ಲಿ ಸುಮಾರು 85 ಪಾಲು ಸಕ್ಕರೆಯೇ ಇದ್ದು, ಸಮುದ್ರಮಟ್ಟದಲ್ಲಿ ಅದರ ಶಾಖ ಸುಮಾರು 115 ಡಿಗ್ರಿ ಸೆಂಟಿಗ್ರೇಡಿನಷ್ಟಿರುತ್ತದೆ. ಹಾಗೆಂದು ಉಷ್ಣಮಾಪಕವನ್ನೇ ನಂಬಿ ಕೂಡುವಂತಿಲ್ಲ. ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಸುಮಾರಿಗೆ. ಪಾಕವೂ ಅಷ್ಟೇ ಮುಂಚಿತವಾಗಿ ಹದಕ್ಕೆ ಬರುತ್ತದೆ. ಅಲ್ಲಿ 115 ಡಿಗ್ರಿಯಾಗುವವರೆಗೆ ಕಾದವರ ಪಾಕ ಬಲಿತೇ ತೀರುವುದು. ತಟ್ಟೆಯ ನೀರಿಗಾದರೋ ಈ ತೊಡಕಿಲ್ಲ. ಅದು ಪಾಕದ ಹದವನ್ನೇ ನೇರವಾಗಿ ಹೇಳುವುದರಿಂದ ಮಂಗಳೂರಿನಲ್ಲಿಯೂ ಮಡಿಕೇರಿಯಲ್ಲಿಯೂ ಒಂದೇ ಸತ್ಯವನ್ನು ನುಡಿಯುತ್ತದೆ. ಇದು ಶಾಸ್ತ್ರವಲ್ಲದೆ ಮತ್ತೇನು?

ನಮ್ಮ ಹಿಂದಿನವರು ಇದನ್ನು ಶಾಸ್ತ್ರವೆಂದೇ ಕರೆದರು. ಸುಮಾರು 1025ರ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡಿಗೆಗೂ ಸ್ಥಾನವುಂಟು, 16ನೆಯ ಶತಮಾನದ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ರಚಿಸಿದನು. ಶಾಸ್ತ್ರವೆಂದ ಮೇಲೆ ಅದನ್ನು ಕಲಿಸಬಹುದು, ಕಲಿಯಬಹುದು, ತಪ್ಪಿದಾಗ ಕಾರಣವನ್ನು ಹುಡುಕಬಹುದು. ಕೈಗುಣವೆಂದುಬಿಟ್ಟರೆ ಈ ಮೂರು ಬಾಗಿಲುಗಳೂ ಮುಚ್ಚಿಹೋಗುತ್ತವೆ. ಬಲ್ಲವರು ಹೇಳಿಕೊಡುವ ಹೊಣೆಯಿಂದ ಪಾರಾಗುತ್ತಾರೆ. ಬಾರದವರು ತಮ್ಮ ಹಣೆಬರಹವೆಂದು ಸುಮ್ಮನಾಗುತ್ತಾರೆ.

ಇನ್ನು ನಮ್ಮಂಥ ಗಂಡುಹುಡುಗರ ವಿಷಯ. ಎಲೆಯ ಮುಂದೆ ಕುಳಿತು ಭಕ್ಷ್ಯಗಳಿಗೆ ಅಂಕ ಕೊಡುವುದಷ್ಟೇ ನಮ್ಮ ಪಾಲಿನ ಹಬ್ಬವೆಂದು ತಿಳಿದಿದ್ದೇವೆ. ಒಮ್ಮೆ ಒಲೆಯ ಮುಂದೆ ನಿಂತು ಪಾಕದ ಉಂಡೆಯನ್ನು ಬೆರಳಿನಿಂದ ಮುಟ್ಟಿ ನೋಡಿದರೆ ನಾಲಗೆಗೆ ತಾನಾಗಿಯೇ ವಿನಯ ಬಂದೀತು. ಅಜ್ಜಿಯರು ಬಳಿಯಲ್ಲಿರುವಾಗಲೇ, ಎಷ್ಟು ಹಾಕಬೇಕೆಂದು ಕೇಳುವುದರ ಜೊತೆಗೆ ಏಕೆ ಹಾಗೆಂದೂ ಕೇಳಿ ಬರೆದಿಟ್ಟುಕೊಳ್ಳೋಣ. ಮುಂದಿನ ಹಬ್ಬದಲ್ಲಿ ಯಾರ ಕಜ್ಜಾಯವಾದರೂ ಒಡೆದರೆ, ಅವರ ತವರಿನ ಮಾತೆತ್ತುವ ಮೊದಲು ಅಕ್ಕಿ ಎಷ್ಟು ಹೊತ್ತು ನೆನೆದಿತ್ತೆಂದು ವಿಚಾರಿಸೋಣ.