ಕುತ್ತಿಗೆ ನೋವಿಗೆ ಊರಿನ ರಜೆ ಕಾಯಬೇಕೆ?

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಲ್ಲಿ ಒಂದು ಅಭ್ಯಾಸ ಬೇರೂರಿದೆ. ಮನೆದೇವರ ಹರಕೆ, ಜಮೀನಿನ ಖಾತೆ, ಹೆಣ್ಣು ನೋಡುವ ಶಾಸ್ತ್ರ, ಹಲ್ಲಿನ ಚಿಕಿತ್ಸೆ ಎಲ್ಲವನ್ನೂ ‘ಊರಿಗೆ ಹೋದಾಗ ನೋಡೋಣ’ ಎಂಬ ಒಂದೇ ಕಡತಕ್ಕೆ ಸೇರಿಸಿಡುತ್ತೇವೆ. ಅವುಗಳಲ್ಲಿ ಕೆಲವು ಕಾಯಬಹುದು. ಆದರೆ ತಿಂಗಳುಗಟ್ಟಲೆ ಬಿಡದೆ ಕಾಡುವ ಕುತ್ತಿಗೆ ನೋವನ್ನೂ ಅದೇ ಕಡತಕ್ಕೆ ಸೇರಿಸುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರನಾಗಿ ಮುಂಬಯಿಯ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿರುವವನು. ಈ ಮಹಾನಗರದಲ್ಲಿ ಫಿಸಿಯೋಥೆರಪಿಯನ್ನು ಅರಸಿ ಅಲೆದ ಅನುಭವದಿಂದಲೂ, ಅನಂತರ ಓದಿ ಕೇಳಿ ತಿಳಿದುದರಿಂದಲೂ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ತಲೆಯ ತೂಕ ಸುಮಾರು 4.5ರಿಂದ 5 ಕಿಲೋಗ್ರಾಂ. ಈ ಭಾರವನ್ನು ಕುತ್ತಿಗೆಯ 7 ಕಶೇರುಕಗಳೂ ಅವುಗಳ ಸುತ್ತಣ ಸ್ನಾಯುಗಳೂ ಹಗಲಿಡೀ ಹೊರುತ್ತವೆ. ತಲೆಯನ್ನು 60 ಡಿಗ್ರಿಯಷ್ಟು ಮುಂದಕ್ಕೆ ಬಾಗಿಸಿದರೆ ಕುತ್ತಿಗೆಯ ಮೇಲೆ ಬೀಳುವ ಹೊರೆ ಸುಮಾರು 27 ಕಿಲೋಗ್ರಾಂಗೆ ಏರುತ್ತದೆಂದು ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದರು. ಇದು ಗಣಿತದ ಅಂದಾಜು ಮಾತ್ರ. ತಲೆ ತಗ್ಗಿಸಿದವರಿಗೆಲ್ಲ ನೋವು ಬರುತ್ತದೆಂದು ಇದರ ಅರ್ಥವಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇರುವುದು, ನಿದ್ರೆಯ ಕೊರತೆ, ಮನಸ್ಸಿನ ಕಳವಳ, ವ್ಯಾಯಾಮದ ಅಭಾವ ಇವೆಲ್ಲ ಕೂಡಿ ನೋವನ್ನು ಬೆಳೆಸುತ್ತವೆ. ಈ ನಾಲ್ಕಕ್ಕೂ ಮಹಾನಗರದಲ್ಲಿ ಬರವಿಲ್ಲ. ಡೊಂಬಿವಲಿಯಿಂದ ಕೋಟೆಯ ಕಚೇರಿಗೆ ಲೋಕಲ್ ರೈಲಿನಲ್ಲಿ ಜೋತುಬಿದ್ದು ಬಂದು ಎಂಟು ತಾಸು ಕಂಪ್ಯೂಟರ್ ದಿಟ್ಟಿಸುವ ಗುಮಾಸ್ತನಿಗೂ, ಹೋಟೆಲಿನ ಅಡುಗೆಮನೆಯಲ್ಲಿ ತಲೆ ತಗ್ಗಿಸಿ ತರಕಾರಿ ಹೆಚ್ಚುವ ತರುಣನಿಗೂ, ಹೊಲಿಗೆ ಯಂತ್ರದ ಮುಂದೆ ಕುಳಿತ ಗೃಹಿಣಿಗೂ ಇದು ಸಮಾನವಾದ ಪಾಲು.

ಬಹಳಷ್ಟು ಕುತ್ತಿಗೆ ನೋವುಗಳು ಕೆಲವೇ ವಾರಗಳಲ್ಲಿ ತಗ್ಗುತ್ತವೆ. ಮೂರು ತಿಂಗಳು ಮೀರಿದರೆ ವೈದ್ಯರು ಅದನ್ನು ದೀರ್ಘಕಾಲಿಕ ನೋವೆಂದು ಗಣಿಸುತ್ತಾರೆ. ಊರಿನ ಹತ್ತು ದಿನಗಳ ರಜೆಯಿಂದ ವಾಸಿಯಾಗದ ನೋವು ಇಂಥದು. ಊರಿಗೆ ಹೋಗಿ ಎಣ್ಣೆ ತಿಕ್ಕಿಸಿಕೊಂಡು, ಬಿಸಿನೀರು ಹೊಯ್ದುಕೊಂಡು, ಮಧ್ಯಾಹ್ನ ನಿದ್ರಿಸಿದರೆ ನೋವು ಇಳಿಯುವುದು ನಿಜ. ಎಣ್ಣೆಯ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಕಚೇರಿಯೂ ಇಲ್ಲ, ರೈಲೂ ಇಲ್ಲ ಎಂಬುದನ್ನು ಮರೆಯಬಾರದು. ಮರಳಿ ಬಂದು ಅದೇ ಕುರ್ಚಿಯಲ್ಲಿ ಕುಳಿತ ಹದಿನೈದು ದಿನಕ್ಕೆ ನೋವೂ ಮರಳಿ ಬರುತ್ತದೆ. ದೀರ್ಘಕಾಲಿಕ ನೋವಿಗೆ ಬೇಕಾದುದು ದುಡಿಯುವ ಸ್ಥಳದಲ್ಲೇ ಇದ್ದು, ಅಲ್ಲಿನ ದಿನಚರಿಗೆ ಹೊಂದುವಂತೆ, ವಾರವಾರವೂ ತಿದ್ದಿಕೊಳ್ಳುತ್ತ ಮಾಡುವ ವ್ಯಾಯಾಮ. ಡೆನ್ಮಾರ್ಕಿನಲ್ಲಿ ಕುತ್ತಿಗೆ ಮತ್ತು ಭುಜಗಳ ನೋವಿದ್ದ 198 ಮಂದಿಯ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ರಬ್ಬರಿನ ಪಟ್ಟಿ ಎಳೆಯುವ ವ್ಯಾಯಾಮವನ್ನು ದಿನಕ್ಕೆ ಕೇವಲ 2 ನಿಮಿಷದಂತೆ ವಾರಕ್ಕೆ 5 ದಿನ, 10 ವಾರ ಮಾಡಿದವರಲ್ಲೂ ನೋವು ಗಣನೀಯವಾಗಿ ತಗ್ಗಿತು. ಬ್ಯಾಂಕಿನವನಾದ ನನಗೆ ಇದು ರಿಕರಿಂಗ್ ಡೆಪಾಸಿಟ್ಟಿನಂತೆ ತೋರುತ್ತದೆ. ಕಂತು ಸಣ್ಣದು, ತಪ್ಪದೆ ಕಟ್ಟುವುದೇ ಮುಖ್ಯ.

ಇನ್ನು ಯಾರ ಬಾಗಿಲು ತಟ್ಟಬೇಕೆಂಬ ಪ್ರಶ್ನೆ. ಕ್ಷೌರದಂಗಡಿಯಲ್ಲಿ ಕುತ್ತಿಗೆಯನ್ನು ತಟ್ಟನೆ ತಿರುಗಿಸಿ ಲಟಿಕೆ ತೆಗೆಸಿಕೊಳ್ಳುವ ಪದ್ಧತಿಯನ್ನು ಇಂದೇ ಬಿಡುವುದು ಲೇಸು. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯಲ್ಲೇ ಹಾಯುತ್ತವೆ. ಅವುಗಳ ಒಳಪದರ ಹರಿದು ಪಾರ್ಶ್ವವಾಯುವಾದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಸ್ಕ್ಯಾನ್ ವರದಿಯಲ್ಲಿ ‘ಸವೆತ’, ‘ಡಿಸ್ಕ್ ಉಬ್ಬಿದೆ’ ಎಂಬ ಮಾತುಗಳನ್ನು ಕಂಡು ಧೈರ್ಯಗೆಡುವುದೂ ಬೇಡ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1211 ಮಂದಿಯ ಕುತ್ತಿಗೆಯನ್ನು ಎಂ.ಆರ್.ಐ. ಮಾಡಿ ನೋಡಿ 2015ರಲ್ಲಿ ಪ್ರಕಟಿಸಿದ ವರದಿಯಂತೆ, ಅವರಲ್ಲಿ ಸುಮಾರು 88 ಪ್ರತಿಶತ ಜನರಲ್ಲಿ ಡಿಸ್ಕ್ ಉಬ್ಬಿತ್ತು. ಚಿತ್ರದಲ್ಲಿ ಕಂಡುದೆಲ್ಲ ನೋವಿನ ಕಾರಣವಲ್ಲ.

ಮೊದಲು ವೈದ್ಯರಿಗೆ ತೋರಿಸಿ, ಅವರ ಸಲಹೆಯಂತೆ ಫಿಸಿಯೋಥೆರಪಿಸ್ಟರ ಬಳಿಗೆ ಹೋಗುವುದು ಉಚಿತ. ಅಲ್ಲಿ ಮೂರು ಪ್ರಶ್ನೆ ಕೇಳಲು ಸಂಕೋಚಪಡಬಾರದು. ತಮ್ಮ ಪದವಿ ಮತ್ತು ನೋಂದಣಿ ಯಾವುದು? ಎಷ್ಟು ಸಲ ಬರಬೇಕಾದೀತು? ಮನೆಯಲ್ಲಿ ನಾನು ಮಾಡಬೇಕಾದುದೇನು? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದೆ ಬರಿಯ ಯಂತ್ರದ ಶಾಖ, ವಿದ್ಯುತ್ತಿನ ಕಂಪನಗಳಲ್ಲೇ ತಿಂಗಳು ಕಳೆಯಿಸುವ ಕಡೆ ಹಣ ಸುರಿಯುವುದು ವ್ಯರ್ಥ. ನಾನೂ ಅಂಥ ಒಂದು ಕಡೆಗೆ ಹೋಗಿದ್ದೆ; ಅಲ್ಲಿ ಯಾರೂ ನನ್ನ ಕೈಯೆತ್ತಿಸಿ, ಕತ್ತು ತಿರುಗಿಸಿ ನೋಡಲಿಲ್ಲ. ಒಳ್ಳೆಯ ಚಿಕಿತ್ಸಕರು ಮೊದಲ ದಿನ ಯಂತ್ರಕ್ಕಿಂತ ಪರೀಕ್ಷೆಗೇ ಹೆಚ್ಚು ಹೊತ್ತು ಕೊಡುತ್ತಾರೆ.

ಈ ವಿದ್ಯೆಯ ವಿಷಯದಲ್ಲಿ ಮುಂಬಯಿಗರು ಭಾಗ್ಯವಂತರು. ನಮ್ಮ ದೇಶದ ಮೊದಲ ಫಿಸಿಯೋಥೆರಪಿ ಶಾಲೆ 1950ರ ದಶಕದ ಆರಂಭದಲ್ಲಿ ಇಲ್ಲಿನ ಪರೇಲದ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ತೆರೆಯಿತು. ಹಾಜಿ ಅಲಿಯ ಬಳಿ ಇರುವ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆ 1955ರಷ್ಟು ಹಳೆಯದು. ನಾಯರ್ ಮತ್ತು ಶೀವ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಗಳಲ್ಲೂ ಈ ವಿಭಾಗಗಳಿವೆ. ಅಲ್ಲಿ ಖರ್ಚು ಕಡಿಮೆ. ಆದರೆ ಸರತಿಯ ಸಾಲು ದೊಡ್ಡದು. ಆದ್ದರಿಂದ ರೋಗನಿದಾನಕ್ಕೂ ಮೊದಲ ಪಾಠಕ್ಕೂ ಒಂದು ರಜೆ ಹಾಕಿ ದೊಡ್ಡ ಆಸ್ಪತ್ರೆಗೆ ಹೋಗುವುದು, ಮುಂದಿನ ಮೇಲ್ವಿಚಾರಣೆಗೆ ಮನೆಯ ಸಮೀಪದ ಚಿಕಿತ್ಸಾಲಯ ಹಿಡಿಯುವುದು, ಇದು ನನಗೆ ತಿಳಿದಂತೆ ಮಿತವ್ಯಯದ ದಾರಿ. ಆರೋಗ್ಯ ವಿಮೆಯನ್ನು ನಂಬಿ ಕೂರುವವರು ತಮ್ಮ ಪಾಲಿಸಿಯನ್ನೊಮ್ಮೆ ಓದಿ ನೋಡಬೇಕು. ಆಸ್ಪತ್ರೆಯಲ್ಲಿ ದಾಖಲಾಗದೆ ಪಡೆವ ಫಿಸಿಯೋಥೆರಪಿಗೆ ಸಾಮಾನ್ಯವಾದ ಪಾಲಿಸಿಗಳು ಹಣ ಕೊಡುವುದಿಲ್ಲ. ಹೊರರೋಗಿ ಚಿಕಿತ್ಸೆಯನ್ನು ಪ್ರತ್ಯೇಕವಾಗಿ ಸೇರಿಸಿದ್ದರೆ ಮಾತ್ರ ಅವಕಾಶವುಂಟು.

ಹೊರನಾಡಿಗರಿಗೇ ವಿಶಿಷ್ಟವಾದ ತೊಡಕೊಂದಿದೆ; ಅದು ಭಾಷೆ. ವ್ಯವಹಾರದ ಹಿಂದಿ, ಮರಾಠಿ ನಮಗೆಲ್ಲ ಬರುತ್ತದೆ. ಆದರೆ ನೋವು ವ್ಯವಹಾರದ ವಸ್ತುವಲ್ಲ. ಸೆಳೆತ, ಹಿಡಿತ, ಚಳುಕು, ಉರಿ, ಜೋಮು ಇವು ಕನ್ನಡದಲ್ಲಿ ಬೇರೆಬೇರೆ ಅನುಭವಗಳು. ಭುಜದ ಹಿಡಿತವೆಂದರೆ ಚಿಕಿತ್ಸಕರು ಸ್ನಾಯುವಿನ ಕಡೆ ಗಮನ ಹರಿಸಿಯಾರು. ಬೆರಳಿನ ತುದಿಗೆ ಜೋಮು ಹಿಡಿಯುತ್ತದೆಂದರೆ ನರದ ಕಡೆ ನೋಡಬೇಕಾಗುತ್ತದೆ. ಊರಿನಿಂದ ಮಗನ ಮನೆಗೆ ಬಂದಿರುವ ವೃದ್ಧ ತಾಯಿ ಇವೆಲ್ಲವನ್ನೂ ‘ದರ್ದ್’ ಎಂಬ ಒಂದೇ ಪದದಲ್ಲಿ ಹೇಳಿ ಸುಮ್ಮನಾದರೆ ಚಿಕಿತ್ಸೆಯೇ ದಾರಿ ತಪ್ಪೀತು. ಹಿರಿಯರ ಜತೆಗೆ ಹೋಗುವ ಮಕ್ಕಳು ಮನೆಯಲ್ಲೇ ಅವರನ್ನು ಕನ್ನಡದಲ್ಲಿ ವಿಚಾರಿಸಿ, ನೋವು ಎಲ್ಲಿ, ಯಾವಾಗ, ಎಂಥದು ಎಂಬುದನ್ನು ಚೀಟಿಯಲ್ಲಿ ಬರೆದೊಯ್ಯಬೇಕು.

ಕೆಲವು ಲಕ್ಷಣಗಳಿಗೆ ಫಿಸಿಯೋಥೆರಪಿಯನ್ನೂ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು. ಕೈಯ ಬಲ ಕುಂದುವುದು, ಅಂಗಿಯ ಗುಂಡಿ ಹಾಕಲು ತಡವರಿಸುವುದು, ನಡಿಗೆ ತೂರಾಡುವುದು, ಮಲಮೂತ್ರಗಳ ಹತೋಟಿ ತಪ್ಪುವುದು, ಪೆಟ್ಟು ಬಿದ್ದ ಬಳಿಕ ಬಂದ ನೋವು, ಜ್ವರ ಅಥವಾ ಅಕಾರಣವಾಗಿ ತೂಕ ಇಳಿಯುವುದರೊಡನೆ ಬಂದ ನೋವು ಇವು ಆ ಬಗೆಯವು. ಎದೆ ಬಿಗಿತ, ಬೆವರಿನೊಡನೆ ಕುತ್ತಿಗೆ, ದವಡೆ, ತೋಳಿಗೆ ನೋವು ಹರಡಿದರೆ ಅದು ಹೃದಯಾಘಾತವಾಗಿರಬಹುದು. ಒಂದು ನಿಮಿಷವೂ ತಡಮಾಡಬಾರದು.

ಕೊನೆಯದಾಗಿ ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ ಒಂದು ವಿನಂತಿ. ರಾಜ್ಯೋತ್ಸವ, ಯಕ್ಷಗಾನ, ಹಳದಿ ಕುಂಕುಮಗಳ ಜತೆಗೆ ಎರಡು ಸಣ್ಣ ಕಾರ್ಯಗಳನ್ನು ಈ ವರ್ಷ ಕೈಗೊಳ್ಳಬೇಕು. ನಗರದಲ್ಲಿ ಕನ್ನಡ ಬಲ್ಲ, ನೋಂದಾಯಿತ ಫಿಸಿಯೋಥೆರಪಿಸ್ಟರ ಪಟ್ಟಿಯೊಂದನ್ನು ಅವರ ಒಪ್ಪಿಗೆ ಪಡೆದು ಸಿದ್ಧಪಡಿಸಿ ಕಚೇರಿಯಲ್ಲಿಡುವುದು ಮೊದಲನೆಯದು. ನೋವಿನ ಕನ್ನಡ ಪದಗಳಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಪದಗಳನ್ನು ಹೊಂದಿಸಿ ಒಂದು ಪುಟದ ಕೈಪಿಡಿ ಅಚ್ಚು ಹಾಕಿಸುವುದು ಎರಡನೆಯದು. ಇವಕ್ಕೆ ತಗಲುವ ವೆಚ್ಚ ಒಂದು ಸಂಜೆಯ ಉಪಾಹಾರದ್ದಕ್ಕಿಂತ ಹೆಚ್ಚಾಗದು. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಸೋದರ ಸಂಘಗಳೂ ತಮ್ಮ ತಮ್ಮ ನಗರದ ಭಾಷೆಗೆ ತಕ್ಕಂತೆ ಇದನ್ನು ಮಾಡಿಕೊಳ್ಳಬಹುದು. ಊರಿಗೆ ಹೋಗುವ ರಜೆ ಬಂಧುಬಳಗವನ್ನು ಕಾಣಲು ಮೀಸಲಾಗಿರಲಿ; ಕುತ್ತಿಗೆಯ ಚಿಕಿತ್ಸೆ ನಾವು ದುಡಿಯುವ ಊರಿನಲ್ಲೇ, ಈ ತಿಂಗಳಲ್ಲೇ ಆರಂಭವಾಗಲಿ.